ನನಗೆ ಕೇಳಿಸಿದ ಎಂಜಿನ್

ವಿಮಾನದ ಎಂಜಿನ್ ಆಕಾಶದಲ್ಲೇ ನಿಂತುಹೋಯಿತು ಎಂದು ಮೊದಲು ಹೇಳಿದವಳು ನಾನು. ಆಮೇಲೆ ಅದನ್ನೇ ನಮ್ಮ ಬೀದಿಯ ಆರು ಜನ ಹೇಳಿದರು, ಪೊಲೀಸರು ಬರೆದುಕೊಂಡರು, ಪೇಪರಿನಲ್ಲೂ ಬಂತು. ಅಷ್ಟು ಬಾಯಿಗಳನ್ನು ದಾಟಿದ ಮೇಲೆ ಅದು ನನಗೇ ಹೊರಗಿನಿಂದ ಬಂದ ಸುದ್ದಿಯ ಹಾಗೆ ಕೇಳಿಸತೊಡಗಿತು. ಈಗ ಬರೆಯಲು ಕೂತಾಗಲೂ ಅದೇ ಅನುಮಾನ. ಆ ದಿನದ ಬಗ್ಗೆ ನನ್ನ ತಲೆಯಲ್ಲಿ ಇರುವುದರಲ್ಲಿ ನಾನು ಕಂಡದ್ದೆಷ್ಟು, ಹೇಳಿ ಹೇಳಿ ಗಟ್ಟಿಯಾದದ್ದೆಷ್ಟು?

ನಮ್ಮೂರು ತಮಿಳುನಾಡಿನ ಮಡತ್ತುಕುಳಕ್ಕೆ ಹತ್ತಿರ, ಅಮರಾವತಿ ಕಾಲುವೆಯ ಪಕ್ಕ. ಒಂದು ಕಡೆ ಕಬ್ಬು, ತೆಂಗು. ಇನ್ನೊಂದು ಕಡೆ ಬಯಲು, ಬಯಲಿನ ತುಂಬ ಗಾಳಿಯಂತ್ರಗಳು. ನಡುವೆ ನಮ್ಮ ಬೀದಿ. ಬೀದಿಯವರೆಲ್ಲ ನೇಯುವವರು, ಎಷ್ಟು ತಲೆಮಾರಿನ ಹಿಂದೆ ಇಲ್ಲಿಗೆ ಬಂದೆವೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರೆಯಲು ಬರುವವಳು ಬೀದಿಯಲ್ಲಿ ನಾನೊಬ್ಬಳೇ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡುವಾಗ, ಇಪ್ಪತ್ತೊಂದನೇ ವಯಸ್ಸಿಗೆ, ಅಕ್ಷರ ಕಲಿತೆ. ಅಂದಿನಿಂದ ದಿನಚರಿ ಬರೆಯುತ್ತಿದ್ದೇನೆ, ಕನ್ನಡದಲ್ಲೇ. ಭಾಷಾಭಿಮಾನ ಎಂದು ಹೇಳಿಕೊಳ್ಳಬಹುದಿತ್ತು. ನಿಜವಾದ ಕಾರಣ, ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ ಎಂಬ ಧೈರ್ಯ. ಎಲ್ಲ ಬಾಗಿಲೂ ತೆರೆದೇ ಇರುವ ಮನೆಯಲ್ಲಿ ನನಗಿದ್ದ ಬೀಗ ಅದೊಂದೇ.

ಮನೆಯ ಹಿಂದೆ ಅಣ್ಣನ ಶೆಡ್ಡು. ಎಂಟು ಪವರ್‌ಲೂಮುಗಳು. ಕೊಯಮತ್ತೂರಿನ ಒಂದು ಗಿರಣಿಯಿಂದ ಹಾಸಿನ ನೂಲು ಸುತ್ತಿದ ಬೀಮುಗಳು ಬರುತ್ತವೆ, ಅಣ್ಣ ನೇಯ್ದು ಕೊಡುತ್ತಾನೆ. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವುದು, ಹರಿದ ಎಳೆಗಳನ್ನು ಕಟ್ಟುವುದು ನಮ್ಮ ಅತ್ತೆಯ ಕೆಲಸ, ಅಂದರೆ ಅಪ್ಪನ ತಂಗಿ. ಎಂಟು ಮಗ್ಗ ಓಡುವಾಗ ಶೆಡ್ಡಿನೊಳಗೆ ಯಾರೂ ಮಾತಾಡುವುದಿಲ್ಲ, ತುಟಿ ಅಲ್ಲಾಡಿಸುತ್ತಾರೆ ಅಷ್ಟೆ. ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನಾನು ನಡೆಯಲು ಕಲಿಯುವ ಹೊತ್ತಿಗೇ ತುಟಿ ಓದಲೂ ಕಲಿತೆ ಎಂದು ಅಮ್ಮ ಹೇಳುತ್ತಿದ್ದಳು. ಮಗ್ಗದ ಸದ್ದು ನಮಗೆ ಕೇಳಿಸುವುದೇ ಇಲ್ಲ. ಅದು ನಿಂತಾಗ ಮಾತ್ರ ಬೆಚ್ಚಿ ತಲೆ ಎತ್ತುತ್ತೇವೆ.

ಆ ದಿನ ನಾನು ಕಲಿಸುವ ಕಾಲೇಜಿಗೆ ರಜೆ. ಮಧ್ಯಾಹ್ನದ ಅಡಿಗೆಗೆ, ಮನೆಗೂ ಶೆಡ್ಡಿಗೂ ನಡುವಿನ ಓಣಿಯಲ್ಲಿ, ನೀರಿನ ತೊಟ್ಟಿಯ ಹತ್ತಿರ ಅಕ್ಕಿ ತೊಳೆಯುತ್ತಿದ್ದೆ. ಇಷ್ಟು ಖಚಿತ, ಯಾಕೆಂದರೆ ಆಮೇಲೆ ಅಕ್ಕಿ ತೊಟ್ಟಿಯ ಸುತ್ತ ಚೆಲ್ಲಿಬಿದ್ದಿತ್ತು. ಮುಂದಿನದು ಹೀಗಾಯಿತು, ಅಥವಾ ಹೀಗಾಯಿತು ಎಂದು ಹೇಳುತ್ತಾ ಬಂದಿದ್ದೇನೆ: ಸದ್ದು ನಿಂತಿತು. ತಲೆ ಎತ್ತಿದೆ. ತೆಂಗಿನ ಮರಗಳ ಮೇಲೆ ಒಂದು ಬಿಳಿ ವಿಮಾನ, ಬಹಳ ಚಿಕ್ಕದು, ಒಂದು ರೆಕ್ಕೆ ಕೆಳಗೆ ಮಾಡಿಕೊಂಡು, ಸ್ವಲ್ಪವೂ ಸದ್ದಿಲ್ಲದೆ ಹೋಗಿ ಮರಗಳ ಹಿಂದೆ ಮರೆಯಾಯಿತು. ನೆಲಕ್ಕೆ ಗುದ್ದಿದ ಹಾಗೆ ಒಂದು ಶಬ್ದ. ಆಮೇಲೆ ಹೊಗೆ.

ನಾವು ಓಡಿ ಹೋಗುವಷ್ಟರಲ್ಲಿ ಕಬ್ಬಿನ ಗದ್ದೆ ಉರಿಯುತ್ತಿತ್ತು. ಹತ್ತಿರ ಹೋಗಲಾಗಲಿಲ್ಲ. ಕಾಲುವೆಯ ಆಚೆಯಿಂದ ನಮ್ಮ ಬೀದಿಗೆ ಬರುವ ಕರೆಂಟ್ ತಂತಿ ಹರಿದು ಕಬ್ಬಿನ ಮೇಲೆ ಬಿದ್ದಿತ್ತು. ಒಳಗಿದ್ದವನು ಒಬ್ಬನೇ ಎಂದು ಸಂಜೆ ತಿಳಿಯಿತು. ಇನ್ನೂ ಒಂದು ವಿಷಯ ತಿಳಿಯಿತು: ಅಣ್ಣನಿಗೆ ಬೀಮು ಕೊಡುವ ಗಿರಣಿಯ ಯಜಮಾನರ ಎರಡನೇ ಮಗ ಅವನು. ವಿಮಾನ ಅವರದ್ದೇ. ಅವನ ಮುಖ ನಾನು ನೋಡಲಿಲ್ಲ. ನೋಡಿದ್ದೇನೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅದು ಪೇಪರಿನ ಫೋಟೊ.

ಮಾರನೆಯ ಬೆಳಿಗ್ಗೆ ಪೊಲೀಸರು ಬಂದರು. ಮಗ್ಗ ಓಡುವ ಹೊತ್ತಿನಲ್ಲಿ ಬೀದಿಯವರೆಲ್ಲ ಶೆಡ್ಡುಗಳೊಳಗೇ ಇರುತ್ತಾರೆ, ಹಾಗಾಗಿ ಹೊರಗಿದ್ದವಳು ನಾನೊಬ್ಬಳೇ. ಇನ್ಸ್‌ಪೆಕ್ಟರ್ ತಮಿಳಿನಲ್ಲಿ ಕೇಳಿದರು: "ಎಂಜಿನ್ ಓಡ್ತಿತ್ತಾ, ನಿಂತಿತ್ತಾ?" ನಾನು ಹೇಳಿದೆ: "ಎಂಜಿನ್ ಸದ್ದು ಬರ್ತಾ ಇತ್ತು. ನಿಂತುಹೋಯ್ತು. ಆಮೇಲೆ ಬಿತ್ತು." ಎಂಜಿನ್ ಎಂಬ ಮಾತನ್ನು ಮೊದಲು ಎತ್ತಿದ್ದು ಅವರೋ ನಾನೋ ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಆ ಕ್ಷಣದಲ್ಲಿ ನನಗೆ ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲಿಲ್ಲ, ಅಷ್ಟು ಮಾತ್ರ ಗೊತ್ತು.

ನನ್ನ ಹಿಂದೆ ನಿಂತಿದ್ದ ಅಣ್ಣ, "ಹೌದುಂಗ, ನಿಂತೇ ಹೋಯ್ತು" ಎಂದ. ಪಕ್ಕದ ಮನೆಯವರು ಹೌದು ಎಂದರು. ಅತ್ತೆ ಜನರ ನಡುವೆ ನುಗ್ಗಿ ಬಂದು, "ನಿಲ್ಲೋಕ್ ಮುಂಚೆ ಮೂರು ಸಲ ಕೆಮ್ತು ಸಾಮಿ" ಎಂದಳು.

ಅಣ್ಣ ಮನೆ ಮಾತಿನಲ್ಲಿ ಗೊಣಗಿದ: "ಅತ್ತೆ, ನಿಂಗೆ ಕೇಳೋದೇ ಒಂದು ಕಿವಿ. ಅದೂ ಊಟಕ್ಕೆ ಕರೆದ್ರೆ."

"ಕೆಮ್ತು ಅಂದ್ರೆ ಕೆಮ್ತು," ಎಂದಳು ಅತ್ತೆ. ಅವಳು ಅವನ ತುಟಿ ನೋಡುತ್ತಿದ್ದಳು.

ಆರು ಜನ ಸಹಿ ಹಾಕಿದೆವು. ಏಳನೆಯವಳು ಅತ್ತೆ, ಹೆಬ್ಬೆಟ್ಟು ಒತ್ತಿದಳು.

ಹದಿನೈದು ದಿನ ಕಳೆದ ಮೇಲೆ ಗಿರಣಿಯ ಯಜಮಾನರು ತಾವೇ ಮನೆಗೆ ಬಂದರು. ಬೀದಿಯವರು ಅವರನ್ನು ಮೊದಲಾಳಿ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಅವರು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಅಣ್ಣ ಶೆಡ್ಡಿನ ಮಗ್ಗಗಳನ್ನೆಲ್ಲ ನಿಲ್ಲಿಸಿ ಬಂದು, ಏನು ಮಾಡಬೇಕೋ ತಿಳಿಯದೆ ಫ್ಯಾನಿನ ಸ್ವಿಚ್ಚು ಹಾಕಿ, ಆರಿಸಿ, ಮತ್ತೆ ಹಾಕಿದ. ಅವರು ನನ್ನ ಕಡೆ ತಿರುಗಿ ಕೈ ಮುಗಿದು, ಈ ಕಡೆ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ಕರೆದರು. "ಅಮ್ಮಿಣಿ, ಅವನು ತಂತಿ ಹತ್ತಿರ ಆಟ ಆಡೋಕೆ ಹೋಗಿ ಬಿದ್ದ ಅಂತ ಊರೆಲ್ಲ ಮಾತಾಡಿದ್ರು. ಅವನ ಅಮ್ಮ ಊಟ ಬಿಟ್ಟಿದ್ಲು. ಎಂಜಿನ್ ಕೈ ಕೊಟ್ಟಿದ್ದು ಅಂತ ನೀವು ಹೇಳಿದ ಮೇಲೆ ಒಂದು ಹಿಡಿ ತಿಂತಿದಾಳೆ." ಆಮೇಲೆ ಅಣ್ಣನನ್ನು ನನ್ನ ನಕ್ಷತ್ರ ಕೇಳಿದರು, ಕಾರಮಡೈ ರಂಗನಾಥನಿಗೆ ನನ್ನ ಹೆಸರಲ್ಲಿ ಅರ್ಚನೆ ಮಾಡಿಸಲು. ಅಣ್ಣ ಹೇಳಿದ.

ಅಂದು ನಾನು ದಿನಚರಿಯಲ್ಲಿ ಬರೆದದ್ದು ಏನೆಂದು ಮುಂದೆ ಹೇಳುತ್ತೇನೆ. ಈಗ ಹೇಳಲು ನಾಚಿಕೆ.

ವಿಮಾನ ಅಪಘಾತಗಳ ತನಿಖೆ ಮಾಡುವ ಅಧಿಕಾರಿಯೊಬ್ಬರು ಬಂದರು. ತುಮಕೂರಿನ ಕಡೆಯವರು. ಅತ್ತೆ ನನ್ನನ್ನು ಕರೆದದ್ದು ಕೇಳಿ ಬೆರಗಾದರು: "ಅರೆ, ನೀವು ಮನೇಲಿ ಕನ್ನಡ ಮಾತಾಡ್ತೀರಾ?" ಅತ್ತೆಯ ಮಾತು ಅವರಿಗೆ ಅರ್ಧ ತಿಳಿಯಲಿಲ್ಲ, ಅವರ ಮಾತು ಅತ್ತೆಗೆ ಮುಕ್ಕಾಲು ತಿಳಿಯಲಿಲ್ಲ. ಇಬ್ಬರೂ ಖುಷಿಯಾಗಿಯೇ ಇದ್ದರು. ಅವರು ನನಗೆ ಕಷ್ಟವನ್ನು ವಿವರಿಸಿದರು. ವಿಮಾನ ತಂತಿಗೆ ತಗುಲಿದೆ, ಅದರಲ್ಲಿ ಅನುಮಾನವಿಲ್ಲ. ಎಂಜಿನ್ ನಿಂತು ಕೆಳಗಿಳಿಯುತ್ತಾ ತಗುಲಿತೋ, ಎಂಜಿನ್ ಸರಿಯಾಗಿಯೇ ಓಡುತ್ತಿದ್ದು ತೀರಾ ಕೆಳಗೆ ಹಾರಿಸಿದ್ದರಿಂದ ತಗುಲಿತೋ? ಇಂಥ ಚಿಕ್ಕ ವಿಮಾನದಲ್ಲಿ ಸದ್ದು ದಾಖಲಿಸುವ ಪೆಟ್ಟಿಗೆ ಇರುವುದಿಲ್ಲ. ಎಂಜಿನ್ ಬೆಂದು ಹೋಗಿದೆ. ಮುಂದಿನ ಫ್ಯಾನಿನ ಒಂದು ಅಲಗು ಬಾಗಿದೆ, ಇನ್ನೊಂದು ಕಾಲುವೆ ಕಲ್ಲಿಗೆ ಬಡಿದು ಮುರಿದಿದೆ. ಅದನ್ನು ಹೇಗೆ ಬೇಕಾದರೂ ಓದಬಹುದು.

"ಹಾಗಾಗಿ ಮೇಡಂ, ನಿಮ್ಮ ಕಿವಿಯೇ ಈಗ ನಮಗೆ ಆಧಾರ," ಎಂದರು.

ನಾನು ಅದೇ ಮಾತನ್ನು ಮತ್ತೆ ಹೇಳಿದೆ. ಈ ಸಲ ಇನ್ನೂ ಚೆನ್ನಾಗಿ ಹೇಳಿದೆ.

ಎಂಜಿನ್ ನಿಂತಿತು ಎಂದಾದರೆ ತಪ್ಪು ಯಾರದ್ದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅದನ್ನು ಯೋಚಿಸುವಂತೆ ಮಾಡಿದವನು ಒಂದು ತಿಂಗಳ ಮೇಲೆ, ಬೆಳಗಿನ ಹೊತ್ತು, ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಬಂದ. ಐವತ್ತು ದಾಟಿದವನು, ತಮಿಳಿನವನು, ಉಗುರುಗಳ ಸುತ್ತ ತೊಳೆದರೂ ಹೋಗದ ಕಪ್ಪು. ಅಣ್ಣ ನೇಯ್ದ ಬಟ್ಟೆ ಕೊಡಲು ಹೋಗಿದ್ದ. ಶೆಡ್ಡಿನಲ್ಲಿ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದವಳು ಅತ್ತಿಗೆ.

"ಟೀಚರ್, ಆ ವಿಮಾನದ ಎಂಜಿನಿಯರ್ ನಾನು. ಹಿಂದಿನ ದಿನ ಎಂಜಿನ್ ನೋಡಿ, ಹಾರಬಹುದು ಅಂತ ಸಹಿ ಹಾಕಿದವನು. ಲೈಸೆನ್ಸ್ ತಡೆಹಿಡಿದಿದಾರೆ. ಎಂಜಿನ್ ನಿಂತಿತು ಅಂತ ತೀರ್ಮಾನ ಆದ್ರೆ ಅದು ವಾಪಸ್ ಬರಲ್ಲ. ನಾನು ಜಗಳಕ್ಕೆ ಬಂದಿಲ್ಲ. ನೀವು ನಿಂತಿದ್ದ ಜಾಗ ಒಂದ್ಸಲ ನೋಡಬೇಕು, ಅಷ್ಟೆ."

ಬೇಡ ಎನ್ನಬಹುದಿತ್ತು. ತೋರಿಸಿದೆ. ಅವನು ತೊಟ್ಟಿಯ ಸುತ್ತ ನೋಡಿದ, ಶೆಡ್ಡಿನ ತೆರೆದ ಬಾಗಿಲು ನೋಡಿದ. ನನ್ನ ಕಿವಿಯ ಹತ್ತಿರ ಬಂದು, ಆ ದಿನ ಹೇಗಿದ್ದೆನೋ ಹಾಗೇ ತೊಟ್ಟಿಯ ಕಡೆ ಮುಖ ಮಾಡಿ ಬಗ್ಗಲು ಹೇಳಿದ. ಬಗ್ಗಿದೆ. ಕೈ ನೀರಿನಲ್ಲಿ ಆಡಿಸಿದೆ. ಮುಂದೇನು ಎಂದು ಕಾದೆ. ಏನೂ ಆಗಲಿಲ್ಲ. ಬೇಸರವಾಗಿ ತಿರುಗಿ ನೋಡಿದೆ.

ಎರಡು ಮಾರು ಹಿಂದೆ ಅವನು ಮೋಟಾರ್ ಸೈಕಲ್ಲಿನ ಮೇಲೆ ಕೂತಿದ್ದ. ಎಂಜಿನ್ ಓಡುತ್ತಿತ್ತು. ಹೊಗೆಕೊಳವೆ ನಡುಗುತ್ತಿತ್ತು, ಹೊಗೆ ನನ್ನ ಸೀರೆಯ ಅಂಚಿಗೇ ಬರುತ್ತಿತ್ತು. ಅವನು ನನ್ನನ್ನೇ ನೋಡುತ್ತಾ ಎರಡು ಸಲ ಆಕ್ಸಿಲರೇಟರ್ ಜೋರಾಗಿ ತಿರುವಿದ. ಹೊಗೆ ಹೆಚ್ಚಾಯಿತು. ಮಗ್ಗದ ಸದ್ದಿನ ಮೇಲೆ ನನಗೆ ಬೇರೆ ಏನೂ ಕೇಳಿಸಲಿಲ್ಲ.

ಅವನು ಎಂಜಿನ್ ಆರಿಸಿದ. ಆರಿದ್ದು ಗೊತ್ತಾದದ್ದೂ ಕೊಳವೆಯ ನಡುಕ ನಿಂತದ್ದರಿಂದ.

ಒಳಗೆ ಕೂರಿಸಿ ನೀರು ಕೊಟ್ಟೆ. "ಮಗ್ಗ ನಿಂತಿದ್ದರೆ ಕೇಳಿಸುತ್ತಿತ್ತು," ಎಂದೆ. "ಕರೆಂಟ್ ಮೊದಲೇ ಹೋಗಿರಬಹುದು. ಆಗ ಮೌನ ಇರುತ್ತೆ. ಆ ಮೌನದಲ್ಲಿ ಎಂಜಿನ್ ನಿಂತದ್ದು ಕೇಳಿರಬಹುದು."

"ಕರೆಂಟ್ ಹೋಗಿದ್ದು ನನ್ನ ವಿಮಾನ ತಂತಿ ಹರಿದಾಗ ಅಲ್ವಾ ಟೀಚರ್?"

"ಅಥವಾ ಅಣ್ಣನೇ ಮಗ್ಗ ನಿಲ್ಲಿಸಿದ್ದನೇನೋ. ಊಟದ ಹೊತ್ತು."

"ನಿಲ್ಲಿಸಿದ್ರಾ?"

ನನಗೆ ಗೊತ್ತಿರಲಿಲ್ಲ. ತಿಳಿದು ಹೇಳುತ್ತೇನೆ ಎಂದೆ. ಅವನು ಲೋಟವನ್ನು ಕೆಳಗಿಟ್ಟು, ಅದನ್ನು ಗೋಡೆಗೆ ಸರಿಯಾಗಿ ಸರಿಸಿ ಎದ್ದ. ಬಾಗಿಲಲ್ಲಿ, "ನಾನು ಏನೂ ಹೇಳಿಕೊಟ್ಟಿಲ್ಲ," ಎಂದ. ನಿಜವೇ. ಆದರೂ ಅವನು ಬಂದು ಹೋದ ಮೇಲೆ ನನ್ನ ನೆನಪು ಮೊದಲಿನ ಹಾಗೆ ಉಳಿಯಲಿಲ್ಲ. ಬಿಳಿ ವಿಮಾನ ಮರಗಳ ಮೇಲೆ ಹೋಗುವಾಗ ಈಗ ನನ್ನ ಸೀರೆಯ ಅಂಚಿಗೆ ಹೊಗೆ ಬರುತ್ತದೆ.

ಕಂಡಿಕೆ ಸುತ್ತುತ್ತಾ ಕೂತಿದ್ದ ಅತ್ತೆಯ ಎದುರಿಗೆ ಹೋಗಿ ಕೂತು, ತುಟಿ ಬಿಡಿಸಿ ಕೇಳಿದೆ: "ಅತ್ತೆ, ವಿಮಾನ ಬಿದ್ದ ದಿನ ಮಗ್ಗಗಳು ಹೇಗೆ ನಿಂತವು? ಅಣ್ಣ ನಿಲ್ಲಿಸಿದ್ನಾ?"

"ಅವನೆಲ್ಲಿ ನಿಲ್ಲಿಸ್ದ? ಕರೆಂಟ್ ಹೋಯ್ತು, ನಿಂತ್ವು."

"ಹೆಂಗೆ ಗೊತ್ತು ನಿಂಗೆ?"

ಅತ್ತೆ ರಾಟೆ ನಿಲ್ಲಿಸಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಕೈಯಲ್ಲಿ ನಿಲ್ಸಿದ್ರೆ ಲಾಳಿ ಬದಿ ಪೆಟ್ಟಿಗೇಲಿ ಇರತ್ತೆ ಕಣ್ಣು. ಅವತ್ತು ಮೂರು ಲಾಳಿ ಹಾಸಿನ ನಡುವೇನೇ ಸಿಕ್ಕೊಂಡಿದ್ವು. ನೀವೆಲ್ಲ ಗದ್ದೆಗೆ ಓಡಿದ್ರಿ. ನಾನು ಇಲ್ಲೇ ಕೂತು ಲಾಳಿ ಬಿಡಿಸ್ದೆ. ಮೂರನೇ ತರಿಯಲ್ಲಿ ಎಷ್ಟು ಎಳೆ ಹರಿದಿತ್ತು ಅಂದ್ರೆ, ಮಾರನೇ ದಿನ ಪೊಲೀಸು ಬರೋವರೆಗೂ ಕಟ್ತಾನೇ ಇದ್ದೆ." ಮಗ್ಗಕ್ಕೆ ತರಿ, ಮುದ್ದಿಗೆ ಕಣ್ಣು ಎಂದು ಅವಳು ತಮಿಳಿನ ಹಾಗೆಯೇ ಹೇಳುವುದು.

"ಇದನ್ನು ಅವರಿಗೆ ಯಾಕೆ ಹೇಳಲಿಲ್ಲ?"

"ಅವ್ರು ವಿಮಾನ ಕೇಳಿದ್ರು. ಲಾಳಿ ಎಲ್ಲಿ ಕೇಳಿದ್ರು?"

"ಮತ್ತೆ ಎಂಜಿನ್ ಮೂರು ಸಲ ಕೆಮ್ತು ಅಂದೆಯಲ್ಲ?"

"ಓದ್ದವಳು ನೀನು ನಿಂತೋಯ್ತು ಅಂದೆ. ನಿಲ್ಲೋಕ್ ಮುಂಚೆ ಯಾವ್ದಾದ್ರೂ ಕೆಮ್ಮದೆ ನಿಲ್ಲತ್ತಾ?" ಎಂದು ರಾಟೆ ತಿರುಗಿಸಿದಳು.

ನಾನು ಅಲ್ಲೇ ಕೂತೆ. ಲೆಕ್ಕ ಸರಳವಾಗಿತ್ತು. ನೇಯುವವರ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಮೊದಲ ದಿನವೇ ಹೊಳೆಯಬೇಕಿತ್ತು. ಮಗ್ಗಗಳು ಓಡುತ್ತಾ ಓಡುತ್ತಾ ಒಮ್ಮೆಲೇ ನಿಂತವು, ಲಾಳಿಗಳು ದಾರಿಯ ನಡುವೆಯೇ ಸಿಕ್ಕಿಬಿದ್ದವು. ಅಂದರೆ ತಂತಿ ಹರಿಯುವವರೆಗೂ ಮಗ್ಗಗಳು ಓಡುತ್ತಿದ್ದವು. ಅಲ್ಲಿಯವರೆಗೆ ಆಕಾಶದಲ್ಲಿ ಎಂಜಿನ್ ಓಡಿದ್ದರೂ ನಿಂತಿದ್ದರೂ ನನಗೆ ಕೇಳಿಸುವ ಹಾಗಿರಲಿಲ್ಲ. ನನಗೆ ಕೇಳಿಸುವ ಮೌನ ಬರುವಷ್ಟರಲ್ಲಿ ವಿಮಾನ ಆಗಲೇ ತಂತಿಗೆ ತಗುಲಿಯಾಗಿತ್ತು. ತಗುಲಿದ ಮೇಲೆ ಓಡುತ್ತಿದ್ದ ಎಂಜಿನ್ನೂ ನಿಲ್ಲಬಹುದು. ನಿಂತದ್ದು ಎಂಟು ಮಗ್ಗಗಳ ಸದ್ದು. ನಾನು ಬೆಚ್ಚಿ ತಲೆ ಎತ್ತಿದೆ, ಕಣ್ಣಿಗೆ ವಿಮಾನ ಬಿತ್ತು, ನಿಂತ ಸದ್ದನ್ನು ಅದಕ್ಕೆ ಕಟ್ಟಿಬಿಟ್ಟೆ.

ಆದರೂ ಇಷ್ಟೆಲ್ಲ ಬರೆದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಈ ಲೆಕ್ಕ ನನಗೆ ಹೊಳೆದದ್ದು ಆ ಮನುಷ್ಯನ ಉಗುರುಗಳನ್ನು ನೋಡಿದ ಮೇಲೆ. ಮೊದಲಾಳಿಯವರು ಕೈ ಮುಗಿದಾಗ ಹೊಳೆಯಲಿಲ್ಲ.

ಅಣ್ಣನಿಗೆ ಹೇಳಿದೆ. ಶೆಡ್ಡಿನೊಳಗೆ, ಮಗ್ಗಗಳು ಓಡುತ್ತಿರುವಾಗಲೇ. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದರೆ ಬೀದಿಗೆ ಕೇಳುತ್ತದೆ. ನಮ್ಮ ದೊಡ್ಡ ಜಗಳಗಳೆಲ್ಲ ಶೆಡ್ಡಿನಲ್ಲಿ, ಸದ್ದಿಲ್ಲದೆ, ತುಟಿಗಳಲ್ಲೇ ನಡೆಯುವುದು. ಎರಡು ಮಗ್ಗಗಳ ನಡುವೆ ನಿಂತುಕೊಂಡೆವು.

"ಬೇರೆ ಹೇಳಿಕೆ ಕೊಡ್ತೀಯಾ?" ಎಂದ. "ನಾನು ಸಹಿ ಹಾಕಿದೀನಿ ಅಮ್ಮಿಣಿ. ಬೀದಿ ಹಾಕಿದೆ. ನಾವೆಲ್ಲ ಪೊಯ್ಯಿ ಹೇಳಿದ್ವು, ಸುಳ್ಳು ಸಾಕ್ಷಿ ಹೇಳಿದ್ವು ಅಂತ ಆಗತ್ತೆ."

"ನೀನು ಎಂಜಿನ್ ಸದ್ದು ಕೇಳಿದ್ಯಾ?"

"ಇದರೊಳಗಿದ್ದೆ ನಾನು." ಕೈ ಸುತ್ತ ಬೀಸಿ ಮಗ್ಗಗಳನ್ನು ತೋರಿಸಿದ. "ನಂಗೇನ್ ಕೇಳತ್ತೆ? ನೀ ಹೇಳ್ದೆ, ನಾ ಹಾಕ್ದೆ."

"ಈಗಲೂ ನಾನೇ ಹೇಳ್ತಿದೀನಲ್ಲ."

"ಈಗ ಹೇಳೋದನ್ನ ನಾಳೆ ಮತ್ತೆ ಬೇರೆ ಹೇಳಲ್ಲ ಅಂತ ಏನ್ ಗ್ಯಾರಂಟಿ?"

ಅವನು ಒಂದು ಕ್ಷಣ ಬಟ್ಟೆ ಇಳಿಯುವುದನ್ನೇ ನೋಡುತ್ತಾ ನಿಂತ. ಆಮೇಲೆ ಮತ್ತೆ ನನ್ನ ಕಡೆ ತಿರುಗಿ ತುಟಿ ಆಡಿಸಿದ: "ಆ ತಾಯಿ ಊಟ ಮಾಡ್ತಿದಾಳೆ ಅಂದ್ರಲ್ಲ. ಆ ತಟ್ಟೆ ಕಿತ್ಕೊಳ್ಳೋಕೆ ಹೋಗ್ತೀಯಾ?" ನಾನು ನೋಡದ ಹಾಗೆ ಮುಖ ತಿರುಗಿಸಬಹುದಿತ್ತು. ಶೆಡ್ಡಿನಲ್ಲಿ ಒಂದು ಮಾತನ್ನು ಕೇಳದೆ ಇರುವುದಕ್ಕೆ ಅಷ್ಟು ಸಾಕು. ತಿರುಗಿಸಲಿಲ್ಲ.

ಒಂದು ವಾರ ಏನೂ ಮಾಡಲಿಲ್ಲ. ಕಾಲೇಜಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಕೂತರೆ ಎಂಜಿನ್ ಸದ್ದಿಗೆ ಕಿವಿ ಕೊಡುತ್ತಿದ್ದೆ. ಸುಮ್ಮನಿದ್ದರೆ ಒಬ್ಬ ಮನುಷ್ಯನ ಮೂವತ್ತು ವರ್ಷದ ಕೆಲಸ ನಾನು ಕೇಳದ ಸದ್ದಿನಿಂದ ಹೋಗುತ್ತದೆ. ಬಾಯಿ ಬಿಟ್ಟರೆ ಸತ್ತವನ ಮೇಲೆ ಊರು ಮತ್ತೆ ಮಾತಾಡುತ್ತದೆ. ಎರಡರ ನಡುವೆ ಮೂರನೆಯ ದಾರಿ ಹುಡುಕಿದೆ. ಇರಲಿಲ್ಲ. ಕೊನೆಗೆ ಹೋದದ್ದು ಧೈರ್ಯದಿಂದಲ್ಲ. ಅಧಿಕಾರಿ ಫೋನ್ ಮಾಡಿ, ವರದಿ ಬರೆಯುತ್ತಿದ್ದೇನೆ, ಇನ್ನೇನಾದರೂ ಸೇರಿಸುವುದಿದೆಯಾ ಎಂದು ಸೌಜನ್ಯಕ್ಕೆ ಕೇಳಿದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಕೊಯಮತ್ತೂರಿನಲ್ಲಿ ಅವರು ಇಳಿದುಕೊಂಡಿದ್ದ ಅತಿಥಿಗೃಹದ ಕೋಣೆಯಲ್ಲಿ ಎಲ್ಲ ಹೇಳಿದೆ: ಲಾಳಿ, ಹಾಸು, ಅತ್ತೆ ಕಟ್ಟಿದ ಎಳೆಗಳು. ಅವರು ಆಸಕ್ತಿಯಿಂದ ಕೇಳಿ, ಕಾಗದದ ಮೇಲೆ ಮಗ್ಗದ ಚಿತ್ರ ಬಿಡಿಸಿಕೊಂಡರು. ಆಮೇಲೆ, "ಆ ದಿನ ನೀವು ಏನಾದ್ರೂ ಬರೆದಿಟ್ಟಿದ್ರಾ ಮೇಡಂ?" ಎಂದರು.

ದಿನಚರಿ ನನ್ನ ಚೀಲದಲ್ಲೇ ಇತ್ತು. ಯಾಕೆ ತಂದಿದ್ದೆ? ಕೇಳಲಿ ಎಂದೇ ತಂದಿದ್ದೆನೇನೋ. ಇಪ್ಪತ್ತು ವರ್ಷ ಯಾರೂ ಓದದ ಅಕ್ಷರಗಳನ್ನು ಓದಬಲ್ಲ ಮನುಷ್ಯ ಎದುರಿಗೆ ಕೂತಿದ್ದ. ಕೊಟ್ಟೆ. ಅವರು ಗಟ್ಟಿಯಾಗಿ ಓದಿದರು: "ಕರೆಂಟ್ ಇಲ್ಲ. ಕಬ್ಬಿನ ಗದ್ದೆಯಲ್ಲಿ ವಿಮಾನ ಬಿತ್ತು. ಬಿಳಿ ಬಣ್ಣ. ಸದ್ದೇ ಇರಲಿಲ್ಲ. ಅಕ್ಕಿ ಚೆಲ್ಲಿತು." ಮಾರನೆಯ ದಿನದ ಪುಟ: "ಎಂಜಿನ್ ನಿಂತದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು."

"ಮೊದಲನೇ ದಿನ ಎಂಜಿನ್ ಅನ್ನೋ ಮಾತೇ ಇಲ್ಲ. ಎರಡನೇ ದಿನ ಸ್ಪಷ್ಟವಾಗಿ ಕೇಳಿಸ್ತು."

"ನಡುವೆ ಪೊಲೀಸರು ಬಂದಿದ್ದರು," ಎಂದೆ.

ಅವರು ಇನ್ನೂ ಕೆಲವು ಪುಟ ತಿರುವಿದರು. ಒಂದು ಕಡೆ ಕಣ್ಣು ನಿಂತಿತು. ಅದನ್ನು ಗಟ್ಟಿಯಾಗಿ ಓದಲಿಲ್ಲ. ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. ಮೊದಲಾಳಿಯವರು ಬಂದು ಹೋದ ದಿನದ ಪುಟ ಅದು. ಅಲ್ಲಿ ಇರುವ ಸಾಲು: "ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂತು."

ಪೆನ್ನು ಎತ್ತಿಕೊಂಡು ಕೇಳಿದರು: "ಹಾಗಾದ್ರೆ ಎಂಜಿನ್ ಓಡ್ತಿತ್ತು ಅಂತ ಹೇಳ್ತಿದೀರಾ?"

"ಇಲ್ಲ. ನನಗೆ ಕೇಳಿಸುವ ಸಾಧ್ಯತೆಯೇ ಇರಲಿಲ್ಲ ಅಂತ ಹೇಳ್ತಿದೀನಿ."

"ಆ ಎಂಜಿನಿಯರ್ ನಿಮ್ಮನ್ನ ನೋಡೋಕೆ ಬಂದಿದ್ರಾ?"

"ಬಂದಿದ್ದರು."

ಅವರು ಪೆನ್ನು ಕೆಳಗಿಟ್ಟರು. "ಬರಬಾರದಿತ್ತು. ನಾನು ಅದನ್ನೂ ಬರೀಬೇಕಾಗುತ್ತೆ. ಅವರು ಬಂದು ಹೋದ ಮೇಲೆ ಸಾಕ್ಷಿ ಮಾತು ಬದಲಿಸಿದ್ರು ಅಂತ." ಬಯ್ಯುವ ಧ್ವನಿಯಾಗಿರಲಿಲ್ಲ, ಬೇಸರದ ಧ್ವನಿ. ನಾನು ಹೊಸ ಹೇಳಿಕೆಗೆ ಸಹಿ ಹಾಕಿದೆ. ಅದರ ಕೆಳಗೆ ಅವರು ಹೇಳಿದ ಆ ಸಾಲೂ ಇತ್ತು.

ಮೊದಲಾಳಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ತಿಂಗಳು ಬೀಮು ಕಡಿಮೆ ಬಂತು, ಅದರ ಮುಂದಿನ ತಿಂಗಳು ಇನ್ನೂ ಕಡಿಮೆ. ಅಣ್ಣ ನಾಲ್ಕು ಮಗ್ಗಗಳ ಮೇಲೆ ಹಳೆ ಸೀರೆ ಹೊದಿಸಿದ. ಅದರ ಬಗ್ಗೆ ಅವನು ನನ್ನ ಹತ್ತಿರ ಮಾತಾಡಿಲ್ಲ, ಶೆಡ್ಡಿನೊಳಗೂ ಇಲ್ಲ. ಆ ತಾಯಿ ಊಟ ಮಾಡುತ್ತಿದ್ದಾಳೋ ಇಲ್ಲವೋ ಕೇಳುವ ದಾರಿ ನನಗಿಲ್ಲ.

ವರದಿ ಬಂತು. ಅಪಘಾತದ ಕಾರಣ ಖಚಿತವಾಗಿ ನಿರ್ಧರಿಸಲಾಗಿಲ್ಲ, ಎಂದು. ಅಧಿಕಾರಿ ಒಂದು ಪ್ರತಿ ಕಳಿಸಿದರು. ಅದನ್ನು ತೆಗೆದುಕೊಂಡು, ನನ್ನ ಹೊಸ ಹೇಳಿಕೆಯ ಪ್ರತಿಯನ್ನೂ ಇಟ್ಟುಕೊಂಡು, ಎಂಜಿನಿಯರನ್ನು ಹುಡುಕಿ ಕೊಯಮತ್ತೂರಿನ ಕುರಿಚಿಗೆ ಹೋದೆ. ಅಲ್ಲಿ, ಎರಡು ಫೌಂಡ್ರಿಗಳ ನಡುವೆ, ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಅವನು ಗಾಳಿ ಕಂಪ್ರೆಸರುಗಳನ್ನು ರಿಪೇರಿ ಮಾಡುತ್ತಿದ್ದ. ನನ್ನನ್ನು ಕಂಡು ಕೈ ಒರೆಸಿಕೊಂಡು, ಒಂದು ಸ್ಟೂಲಿನ ಮೇಲಿದ್ದ ಬೋಲ್ಟುಗಳನ್ನು ಸರಿಸಿ ಕೂರಿಸಿದ.

ವರದಿಯ ಕೊನೆಯ ಪುಟವನ್ನು ಮೊದಲು ಓದಿದ. "ಅಂದ್ರೆ ನನ್ನ ತಪ್ಪು ಅಂತಲೂ ಇಲ್ಲ. ತಪ್ಪಲ್ಲ ಅಂತಲೂ ಇಲ್ಲ."

"ಲೈಸೆನ್ಸ್?"

"ಪರಿಶೀಲನೆಯಲ್ಲಿದೆಯಂತೆ. ಕೊಡಲ್ಲ ಅಂದ್ರೆ ಮೇಲಿನವರನ್ನ ಕೇಳಬಹುದು. ಇಲ್ಲ ಅಂತಲೂ ಹೇಳಲ್ಲ ಅವರು." ನನ್ನ ಹೇಳಿಕೆಯನ್ನು ಓದಿದ. ಕೊನೆಯ ಸಾಲಿನ ಹತ್ತಿರ ನಿಧಾನವಾದ. "ನಾನು ಬಂದಿದ್ದು ತಪ್ಪಾಯ್ತು," ಎಂದ. ಆಮೇಲೆ, "ಟೀಚರ್, ಒಂದೇ ಒಂದು ಸಲ ಕೇಳ್ತೀನಿ. ಓಡ್ತಿತ್ತು ಅಂತ ಯಾಕೆ ಹೇಳಲಿಲ್ಲ?"

"ನನಗೆ ಗೊತ್ತಿಲ್ಲವಲ್ಲ."

"ಮೊದಲನೇ ಸಲವೂ ಗೊತ್ತಿರಲಿಲ್ಲ. ಹೇಳಿದ್ರಿ."

ಪಕ್ಕದ ಫೌಂಡ್ರಿಯಲ್ಲಿ ಏನೋ ಬಿತ್ತು. ಇಬ್ಬರೂ ಆ ಕಡೆ ನೋಡಿದೆವು. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಎದ್ದು ಬರಬಹುದಿತ್ತು.

"ಮಗಳಿದಾಳೆ," ಎಂದ. "ಕಾಲೇಜು. ಅಪ್ಪ, ನೀನು ಸರಿಯಾಗಿ ನೋಡಲಿಲ್ವಾ ಅಂತ ಒಂದೇ ಸಲ ಕೇಳಿದ್ಲು. ನೋಡಿದ್ದೆ ಅಂದೆ. ಆಮೇಲೆ ಅವಳು ಆ ಮಾತು ಎತ್ತಿಲ್ಲ. ಈ ಇಂಗ್ಲಿಷ್ ವರದಿ ತೋರಿಸಿ ಏನು ಹೇಳಲಿ? ನೀವೇ ಒಂದು ಕಾಗದದಲ್ಲಿ ತಮಿಳಲ್ಲಿ ಬರೆದುಕೊಡಿ. ನಿನ್ನ ಅಪ್ಪನ ತಪ್ಪಲ್ಲ ಅಂತ. ಸರ್ಕಾರಕ್ಕಲ್ಲ, ಮನೆಗೆ."

ಅವನು ಬಿಲ್ ಪುಸ್ತಕದಿಂದ ಒಂದು ಹಾಳೆ ಕಿತ್ತು, ಹಿಂದುಮುಂದಾಗಿಸಿ, ಪೆನ್ನಿನ ಜೊತೆ ನನ್ನ ಮುಂದಿಟ್ಟ. ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಅವನು ಬೇಕೆಂದೇ ಆ ಕಡೆ ತಿರುಗಿ ಒಂದು ವಾಲ್ವನ್ನು ಒರೆಸುತ್ತಿದ್ದ. ಎರಡು ಸಾಲು ಬರೆದೆ. ಎಂಜಿನ್ ನಿಂತದ್ದನ್ನು ನಾನು ಕೇಳಲಿಲ್ಲ. ಎಂಜಿನ್ ಓಡುತ್ತಿದ್ದುದನ್ನೂ ನಾನು ಕೇಳಲಿಲ್ಲ. ಕೆಳಗೆ ಸಹಿ ಹಾಕಿದೆ.

ಅವನು ಓದಿದ. ಮತ್ತೊಮ್ಮೆ ಓದಿದ. ಕಾಗದವನ್ನು ಮೊದಲ ಸಾಲಿನ ಕೆಳಗೆ ಸರಿಯಾಗಿ ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಎಳೆದು, ಮೆಲ್ಲಗೆ ಹರಿದ. ಮೇಲಿನ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಎರಡನೇ ಸಾಲೂ ಸಹಿಯೂ ಇದ್ದ ಕೆಳಗಿನ ತುಂಡನ್ನು ನನ್ನ ಕೈಗೆ ಕೊಟ್ಟ.

ನಾನು ತಡೆಯಲಿಲ್ಲ.